ಮೆಹೆಂದಿ ಕೈಯಲ್ಲಿ ತೊಂಬತ್ತು ಕಿಲೋ

ಹಿಡಿತ ತಪ್ಪುವುದು ಮೊದಲು ಗೊತ್ತಾಗುವುದು ಕಿರುಬೆರಳಿಗೆ. ಬೆನ್ನು ಸರಿಯಾಗಿದೆ, ಕಾಲು ಸರಿಯಾಗಿದೆ, ಭಾರ ಸಿಕ್ಕಿಸಿದ ಕಬ್ಬಿಣದ ಬಾರ್ ನೆಲ ಬಿಟ್ಟು ಮೊಣಕಾಲಿನ ತನಕ ಬಂದಿದೆ. ಅಷ್ಟರಲ್ಲಿ ಕಿರುಬೆರಳು ಸಡಿಲವಾಗುತ್ತದೆ, ಅದರ ಹಿಂದೆಯೇ ಉಂಗುರದ ಬೆರಳು. ಆಮೇಲೆ ಯಾರು ಏನು ಮಾಡಿದರೂ ಬಾರ್ ನಿಲ್ಲುವುದಿಲ್ಲ. ಡೆಡ್‌ಲಿಫ್ಟ್ ಅಂದರೆ ನೆಲದ ಮೇಲಿರುವ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು, ಇನ್ನೇನೂ ಇಲ್ಲ. ನನಗೆ ನಿಲ್ಲುವುದಕ್ಕೆ ಬರುತ್ತಿತ್ತು, ಹಿಡಿಯುವುದಕ್ಕೆ ಬರುತ್ತಿರಲಿಲ್ಲ.

ಆಗ ನಾವು ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿದ್ದೆವು. ನಾನು ಲಾರಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ನನ್ನ ಗಂಡ ದಿನಾ ಸ್ಟಾಕ್‌ಹೋಮಿಗೆ ರೈಲಿನಲ್ಲಿ ಹೋಗಿಬರುವ ಐಟಿ ಮನುಷ್ಯ. ಮಗಳಿಗೆ ಆರು ವರ್ಷ. ಹೆರಿಗೆಯಾದ ಮೇಲೆ ಬಿಡದೆ ಕಾಡುತ್ತಿದ್ದ ಬೆನ್ನುನೋವಿಗೆ ಭಾರ ಎತ್ತಿ ನೋಡು ಎಂದು ಯಾರೋ ಹೇಳಿದ್ದಕ್ಕೆ, ಪಕ್ಕದ ಬೀದಿಯ ನೆಲಮಾಳಿಗೆಯಲ್ಲಿದ್ದ ಸಣ್ಣ ಕ್ಲಬ್ಬಿಗೆ ಸೇರಿದ್ದೆ. ಬೆನ್ನುನೋವು ಹೋಯಿತು, ನಾನು ಮಾತ್ರ ಅಲ್ಲೇ ಉಳಿದೆ.

ಉಳಿಸಿಕೊಂಡವರು ಅಲ್ಲಿನ ಹಿರಿಯ ಹೆಂಗಸು. ನಮ್ಮ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು, ವಯಸ್ಸು ಎಪ್ಪತ್ತರ ಹತ್ತಿರ. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜಿ ಎನ್ನುತ್ತಿದ್ದೆ. ಮಾತು ಕಡಿಮೆ. ಆ ವರ್ಷ ಅವರ ಸೊಂಟದ ಕೀಲು ಸವೆದು ಹೋಗಿ ಡಿಸೆಂಬರಿನಲ್ಲಿ ಆಪರೇಷನ್ ಎಂದು ತೀರ್ಮಾನವಾಗಿತ್ತು. ಅದರ ನಂತರ ಸ್ಪರ್ಧೆಯ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ನವೆಂಬರಿನಲ್ಲಿ ಉಪ್ಸಾಲಾದಲ್ಲಿ ನಡೆಯುವ ಕ್ಲಬ್ಬುಗಳ ಸ್ಪರ್ಧೆಯೇ ಅವರ ಕೊನೆಯದು. ತಂಡಕ್ಕೆ ಮೂವರು ಹೆಂಗಸರು ಬೇಕು. ಅಜ್ಜಿ, ಒಬ್ಬಳು ನರ್ಸ್, ಮತ್ತು ಬೇರೆ ಯಾರೂ ಸಿಗದ ಕಾರಣ ನಾನು.

ನಿಯಮ ಹೀಗಿತ್ತು. ಒಬ್ಬೊಬ್ಬರಿಗೂ ಮೂರು ಅವಕಾಶ. ಒಮ್ಮೆ ಬರೆಸಿದ ತೂಕವನ್ನು ಏರಿಸಬಹುದು, ಇಳಿಸುವ ಹಾಗಿಲ್ಲ. ಮೂವರಲ್ಲಿ ಒಬ್ಬಳು ಮೂರೂ ಸಲ ಸೋತರೆ ತಂಡವೇ ಲೆಕ್ಕಕ್ಕಿಲ್ಲ. ಅಂದರೆ ನನ್ನ ಕಿರುಬೆರಳು ಕೈಕೊಟ್ಟರೆ ಅಜ್ಜಿಯ ಕೊನೆಯ ಸ್ಪರ್ಧೆ ನಡೆದೇ ಇಲ್ಲವೆಂದಾಗುತ್ತಿತ್ತು.

ಬೇಸಿಗೆಯಿಂದಲೇ ಕೈಯ ಹಿಂದೆ ಬಿದ್ದೆ. ಬಕೆಟ್ಟಿಗೆ ಅಕ್ಕಿ ಸುರಿದು, ಅದರಲ್ಲಿ ಮಣಿಕಟ್ಟಿನ ತನಕ ಕೈ ಮುಳುಗಿಸಿ, ಮುಷ್ಟಿ ಕಟ್ಟುವುದು, ಬಿಚ್ಚುವುದು. "ಅಕ್ಕಿಗೆ ಕೈ ಹಾಕ್ಕೊಂಡು ಅರ್ಧ ಗಂಟೆಯಿಂದ ಕೂತಿದೀಯಲ್ಲ, ಅನ್ನ ಯಾವಾಗ ಆಗತ್ತೆ?" ಎಂದು ಗಂಡ ಕಿಚಾಯಿಸುತ್ತಿದ್ದರು. ಕಟ್ಟಡದ ಲಾಂಡ್ರಿ ಕೋಣೆಯಲ್ಲಿ ಮೆಷಿನ್ ಹಿಂಡಿಕೊಟ್ಟ ಹೊದಿಕೆಯನ್ನು ನಾನು ಮತ್ತೊಮ್ಮೆ ಹಿಂಡುತ್ತಿದ್ದೆ. ನನ್ನ ನಂತರದ ಸಮಯ ಬುಕ್ ಮಾಡಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಪಾರ್ಕಿನಲ್ಲಿ ಮಕ್ಕಳು ಆಡುವ ಕಂಬಿಗೆ ನೇತುಬಿದ್ದರೆ ಮಗಳು ನಾಚಿಕೆಯಿಂದ ಸ್ವೀಡಿಷಿನಲ್ಲಿ, "ಅಮ್ಮಿ, ಇಳಿ, ಎಲ್ರೂ ನೋಡ್ತಿದಾರೆ" ಎನ್ನುತ್ತಿದ್ದಳು. ನೋಡಲಿ ಎಂದು ನಾನು ನೇತಾಡುತ್ತಲೇ ಇದ್ದೆ. ಅಕ್ಟೋಬರಿನ ಹೊತ್ತಿಗೆ ಅಂಗೈಯಲ್ಲಿ ಬೆರಳಿನ ಬುಡಕ್ಕೆ ಒಂದೊಂದು ದಡ್ಡು ಕಟ್ಟಿತ್ತು, ತೊಂಬತ್ತು ಕಿಲೋ ಕೈಯಲ್ಲಿ ನಿಲ್ಲುತ್ತಿತ್ತು. ತೊಂಬತ್ತನ್ನೇ ಬರೆಸಿದೆ.

ಹೆಬ್ಬೆರಳನ್ನು ಬಾರ್‌ಗೆ ಒತ್ತಿ, ಅದರ ಮೇಲೆ ಉಳಿದ ಬೆರಳುಗಳನ್ನು ಬೀಗದಂತೆ ಹಾಕುವ ಹಿಡಿತವೂ ಒಂದಿದೆ. ಅಜ್ಜಿ ಜೀವಮಾನವಿಡೀ ಹಾಗೆಯೇ ಎತ್ತಿದವರು. ನನಗೂ ಒಮ್ಮೆ ಮಾಡಿಸಿದ್ದರು. ಉಗುರಿನೊಳಗೆ ಸೂಜಿ ಆಡಿಸಿದಷ್ಟು ನೋವಾಗಿ ಕಣ್ಣಲ್ಲಿ ನೀರು ಬಂದಿತ್ತು. ಇದು ನನ್ನ ಕೈಲಾಗದು ಎಂದು ಅಂದೇ ಹೇಳಿಬಿಟ್ಟಿದ್ದೆ.

ಸ್ಪರ್ಧೆ ಶನಿವಾರ, ಬಕ್ರೀದ್ ಭಾನುವಾರ. ಶುಕ್ರವಾರ ಸಂಜೆ ನಮ್ಮ ಮೇಲಿನ ಮಹಡಿಯಲ್ಲಿ ಅಕ್ಕನಂತಿದ್ದ ಆಪಾ ಮೆಹೆಂದಿ ಕೋನು ಹಿಡಿದು ಬಂದರು. ಆಪಾ ಹುಬ್ಬಳ್ಳಿಯವರು. ಬೆಂಗಳೂರಿನವರಾದ ನಮ್ಮೊಂದಿಗೆ ನಮ್ಮ ಹಾಗೆಯೇ ಮಾತಾಡುತ್ತಾರೆ, ಸಿಟ್ಟು ಬಂದಾಗ ಮಾತ್ರ ಅವರ ಊರು ಹೊರಬೀಳುತ್ತದೆ. ಅಮ್ಮಿಗೆ ಹಾಕಿದರೆ ಮಾತ್ರ ನನಗೂ ಎಂದು ಮಗಳು ಹಟ ಹಿಡಿದಳು. ಬರೀ ಬಣ್ಣ ತಾನೇ, ಬಾರ್ ಜಾರದಿರಲೆಂದು ಬಳಿಯುವ ಚಾಕ್ ಪುಡಿ ಹಚ್ಚಿದರೆ ಮುಗಿಯಿತು ಎಂದುಕೊಂಡು ಕೈ ಚಾಚಿದೆ.

ನನ್ನ ಅಂಗೈ ನೋಡಿ ಆಪಾ ಹೌಹಾರಿದರು. "ಏನವ್ವಾ ಇದು! ಹೆಣ್ಮಗಳ ಕೈ ಏನ್ ಇವು? ಹಮಾಲರ ಕೈ ಆಗ್ಯಾವಲ್ಲ! ಇದರ ಮ್ಯಾಲೆ ಡಿಸೈನ್ ಹೆಂಗ್ ಕೂಡಬೇಕು?"

ನಾನು ಬಾಯಿ ತೆರೆಯುವ ಮೊದಲೇ ಅವರು ಬಚ್ಚಲಿನಿಂದ ಹಿಮ್ಮಡಿ ಉಜ್ಜುವ ಕಲ್ಲು ತಂದಿದ್ದರು. ಬಿಸಿನೀರಿನಲ್ಲಿ ನೆನೆಸಿ, ದಡ್ಡುಗಳನ್ನೆಲ್ಲ ಉಜ್ಜಿ ಉಜ್ಜಿ ತೆಗೆದರು. ಬೇಡ ಎನ್ನಬೇಕಿತ್ತು. ಆದರೆ ಅಮ್ಮನನ್ನು ಬಿಟ್ಟರೆ ಅಷ್ಟು ಮುತುವರ್ಜಿಯಿಂದ ಯಾರೂ ನನ್ನ ಕೈ ಹಿಡಿದು ಕೂತಿರಲಿಲ್ಲ, ನನಗೆ ಹಿತವೆನಿಸಿತು. ಬೆಳಿಗ್ಗೆ ಎದ್ದು, ಒಣಗಿದ ಮೆಹೆಂದಿ ಉದುರಿಸಿ, ಬಣ್ಣ ಕಪ್ಪಾಗಲೆಂದು ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿದೆ. ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದು, ಕೈ ತನ್ನಷ್ಟಕ್ಕೆ ಮಾಡಿತು. ಅಜ್ಜಿಯ ಕಾರು ಕೆಳಗೆ ಹಾರ್ನ್ ಹೊಡೆದಾಗ ಕಾಗದದಲ್ಲಿ ಒರೆಸಿಕೊಂಡು ಓಡಿದೆ.

ಉಪ್ಸಾಲಾದ ಒಂದು ಶಾಲೆಯ ವ್ಯಾಯಾಮದ ಹಾಲಿನಲ್ಲಿ ಸ್ಪರ್ಧೆ. ನರ್ಸ್ ನಗುತ್ತಾ ಎತ್ತಿದಳು. ಅಜ್ಜಿ ಕುಂಟುತ್ತಾ ಬಂದು, ಹಲ್ಲು ಕಚ್ಚಿ ಎತ್ತಿ, ಮೂವರು ತೀರ್ಪುಗಾರರಿಂದಲೂ ಸರಿ ಎನ್ನುವ ಬಿಳಿ ದೀಪ ಹೊತ್ತಿಸಿಕೊಂಡು ಕುಂಟುತ್ತಾ ಹೋದರು. ಅವರ ಮುಖ ಹಿಂಡಿಹೋಗಿತ್ತು. ಎರಡನೆಯ ಎತ್ತುವಿಕೆ ತನಗೆ ಬೇಡ ಎಂದು ಹೇಳಿ ಬೆಂಚಿನಲ್ಲಿ ಕೂತರು. ಉಳಿದದ್ದು ನಾನು.

ಮೊದಲ ಸಲ ಬಾರ್ ಮೊಣಕಾಲಿಗೂ ಬರಲಿಲ್ಲ. ಬೆರಳು ತೆರೆಯಿತು ಎನ್ನುವುದಕ್ಕಿಂತ ಬಾರ್ ಅಂಗೈಯಿಂದ ಜಾರಿತು ಎನ್ನಬೇಕು. ಅದು ಬಿದ್ದ ಸದ್ದಿಗೆ ನೆಲ ಅದುರಿತು. ಅಂಗೈ ನೋಡಿಕೊಂಡೆ. ಚಾಕ್ ಪುಡಿ ಗಂಟು ಗಂಟಾಗಿ ಮೆತ್ತಿಕೊಂಡಿತ್ತು, ನಡುವೆ ಮೆಹೆಂದಿ ಬಳ್ಳಿ ಮಿರಮಿರ ಮಿಂಚುತ್ತಿತ್ತು.

"ಪರವಾಗಿಲ್ಲ" ಎಂದಳು ನರ್ಸ್. "ಪರವಾಗಿಲ್ಲ" ಎಂದರು ಅಜ್ಜಿ, ನನ್ನ ಮುಖ ನೋಡದೆ. ಗುರುತಿಲ್ಲದ ಇನ್ನೊಂದು ಕ್ಲಬ್ಬಿನವನೂ ಬಂದು ಪರವಾಗಿಲ್ಲ ಎಂದು ಹೇಳಿ ಹೋದ. ನನಗೆ ಮೈಯೆಲ್ಲ ಉರಿಯಿತು. ಪರವಾ ಇದೆ, ತುಂಬಾ ಪರವಾ ಇದೆ ಎಂದು ಕಿರುಚಬೇಕೆನಿಸಿತು.

ಮಗಳನ್ನು ಕರೆದುಕೊಂಡು ಆಗತಾನೇ ರೈಲಿನಲ್ಲಿ ಬಂದಿದ್ದ ಗಂಡ ನನ್ನ ಕೈ ಮುಟ್ಟಿ ನೋಡಿ, "ಎಣ್ಣೆ ಹಚ್ಕೊಂಡ್ಯಾ? ಇವತ್ತು?" ಎಂದರು.

"ಅಭ್ಯಾಸ ಕಣ್ರೀ."

ಅವರು ಕಾಫಿ, ಬನ್ನು ಮಾರುತ್ತಿದ್ದ ಕಡೆಗೆ ಓಡಿ ಪಾತ್ರೆ ತೊಳೆಯುವ ಸೋಪು ತಂದರು. ಬಚ್ಚಲಿನಲ್ಲಿ ನಿಂತು ಉಗುರಿನಿಂದ ಕೆರೆದು ಕೆರೆದು ತೊಳೆದೆ. ಎಣ್ಣೆ ಹೋಯಿತು. ಹೊರಬಂದರೆ ತೀರ್ಪುಗಾರನೊಬ್ಬ ಕಾಯುತ್ತಿದ್ದ. ಕೈಗೆ ಏನೋ ಬಳಿದುಕೊಂಡಿದ್ದಾಳೆಂದು ಯಾರೋ ಹೇಳಿದ್ದರಂತೆ. ಅವನು ಬಿಳಿ ಕಾಗದದಿಂದ ನನ್ನ ಅಂಗೈಯನ್ನು ಗಟ್ಟಿಯಾಗಿ ಒರೆಸಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಬಣ್ಣವೂ ಬಂದಿರಲಿಲ್ಲ, ಜಿಡ್ಡೂ ಬಂದಿರಲಿಲ್ಲ. ತಲೆಯಾಡಿಸಿ ಬಿಟ್ಟ. ಚಾಕ್ ಬಿಟ್ಟು ಬೇರೇನೂ ಕೈಗೆ ಹಚ್ಚುವ ಹಾಗಿಲ್ಲ, ಮೊದಲ ಸಲಕ್ಕೆ ಮುಂಚೆ ನೋಡಿದ್ದರೆ ಮನೆಗೆ ಕಳಿಸುತ್ತಿದ್ದ.

ಎರಡನೆಯ ಸಲ ಬಾರ್ ಮೇಲೆ ಬಂತು. ನಾನು ನೆಟ್ಟಗೆ ನಿಂತೂ ಬಿಟ್ಟೆ. ಆದರೆ ತೀರ್ಪುಗಾರನ ಕೈ ಕೆಳಗಿಳಿಯುವ ತನಕ ಹಿಡಿದು ನಿಲ್ಲಬೇಕು. ದಡ್ಡು ಹೋದ ಎಳೆ ಚರ್ಮ ಬಾರ್‌ನ ಒರಟಿಗೆ ಸಿಕ್ಕಿ ಮಡಚಿಕೊಂಡಿತು. ಕಿರುಬೆರಳು ಹೋಯಿತು. ಉಂಗುರದ ಬೆರಳು ಹೋಯಿತು. ಅವನ ಕೈ ಇನ್ನೂ ಮೇಲೆಯೇ ಇತ್ತು. ಬಾರ್ ಬಿತ್ತು, ಕೆಂಪು ದೀಪಗಳು ಹೊತ್ತಿಕೊಂಡವು.

ಈ ಸಲ ಯಾರೂ ಪರವಾಗಿಲ್ಲ ಎನ್ನಲಿಲ್ಲ. ಅಜ್ಜಿ ಬೆಂಚಿನಿಂದ ಎದ್ದರು. ಒಂದು ಕೈ ಸೊಂಟದ ಮೇಲೆ. ನನ್ನ ಮುಂದೆ ನಿಂತು, "ಹೆಬ್ಬೆರಳು ಒಳಗೆ" ಎಂದರು.

"ನನ್ನಿಂದ ಆಗಲ್ಲ. ನಿಮಗೇ ಗೊತ್ತು."

"ಹೆಬ್ಬೆರಳು ಒಳಗೆ" ಎಂದು ಮತ್ತೆ ಹೇಳಿ, ತಿರುಗಿ ಹೋದರು.

ಅಂಗೈಯಿಂದ ರಕ್ತ ಜಿನುಗುತ್ತಿತ್ತು. ಒರೆಸಿ, ಚಾಕ್ ಪುಡಿ ಒತ್ತಿ, ಬಾರ್ ಮುಂದೆ ಬಗ್ಗಿದೆ. ಹೆಬ್ಬೆರಳನ್ನು ಬಾರ್‌ಗೆ ಸುತ್ತಿ, ಮೇಲೆ ಎರಡು ಬೆರಳು ಹಾಕಿ ಜಗ್ಗಿದೆ. ನೋವು ಮೊಣಕೈ ತನಕ ಹರಿಯಿತು. ಇನ್ನೂ ಭಾರ ನೆಲ ಬಿಟ್ಟಿರಲಿಲ್ಲ. ಬಿಟ್ಟಾಗ ಹೆಬ್ಬೆರಳು ಮುರಿದೇ ಹೋಯಿತು ಎಂದುಕೊಂಡೆ. ಮೊಣಕಾಲು ದಾಟಿತು. ತೊಡೆಗೆ ತಾಗಿತು. ನಿಂತೆ. ಕಿರುಬೆರಳು ಬಿಚ್ಚಿಕೊಂಡಿತು, ಬಿಚ್ಚಿಕೊಳ್ಳಲಿ, ಬೀಗ ಹೆಬ್ಬೆರಳಿನಲ್ಲಿತ್ತು. ತೀರ್ಪುಗಾರ ನನ್ನ ಮೊಣಕಾಲು ನೋಡಿದ, ಭುಜ ನೋಡಿದ, ಮತ್ತೆ ಮೊಣಕಾಲು ನೋಡಿದ. ಇಳಿಸು ಮಾರಾಯ, ಕೈ ಇಳಿಸು ಎಂದು ಮನಸ್ಸು ಒದರುತ್ತಿತ್ತು. ಅವನು ಕೈ ಇಳಿಸಿದ. ಬಾರ್ ಬಿಡದೆ, ಅದರ ಜೊತೆಯಲ್ಲೇ ಬಗ್ಗಿ ನೆಲಕ್ಕಿಟ್ಟೆ. ಎರಡು ಬಿಳಿ ದೀಪ, ಒಂದು ಕೆಂಪು. ಎರಡು ಸಾಕಿತ್ತು.

ಅಜ್ಜಿ ನನ್ನ ಕಡೆಗೆ ಬಂದರು. ಅಪ್ಪಿಕೊಳ್ಳುತ್ತಾರೇನೋ ಎಂದುಕೊಂಡೆ. ಅವರು ನನ್ನ ಎರಡೂ ಮಣಿಕಟ್ಟು ಹಿಡಿದು, ಅಂಗೈ ಮೇಲೆ ಮಾಡಿ, ಇಡೀ ಹಾಲಿಗೆ ಕೇಳುವಂತೆ ಕೂಗಿದರು.

"ಬುದ್ಧಿ ಇಲ್ವಾ ನಿನಗೆ? ಇದು ನನ್ನ ಕೊನೆಯದು ಅಂತ ಗೊತ್ತಿತ್ತು! ಗೊತ್ತಿದ್ದೂ ಈ ಕೈ ಇಟ್ಕೊಂಡು ಬಂದ್ಯಾ? ಬೀಳಿಸಿದ್ರೆ ಸಾಯೋ ತನಕ ನಿನ್ನ ಹತ್ರ ಮಾತಾಡ್ತಿರ್ಲಿಲ್ಲ!"

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಸುತ್ತಲಿನ ಜನ ಮುಜುಗರದಿಂದ ಬೇರೆ ಕಡೆ ನೋಡತೊಡಗಿದರು. ನರ್ಸ್ ತನ್ನ ಶೂ ಲೇಸು ಕಟ್ಟಲು ಬಗ್ಗಿದಳು. ಸ್ವೀಡಿಷ್ ಅಷ್ಟಾಗಿ ಬಾರದ ನನ್ನ ಗಂಡ ಗಾಬರಿಯಿಂದ ಓಡಿಬಂದರು.

"ಏನಾಯ್ತು? ಯಾಕ್ ಹಿಂಗ್ ಕೂಗ್ತಿದಾರೆ?"

"ಬೈತಿದಾರೆ" ಎಂದೆ. ಈ ದೇಶಕ್ಕೆ ಬಂದಂದಿನಿಂದ ಯಾರೂ ನನ್ನನ್ನು ಹೀಗೆ, ಮನೆಯ ಹುಡುಗಿಯನ್ನು ಬೈದ ಹಾಗೆ, ಬೈದಿರಲಿಲ್ಲ. "ಬೈಲಿ ಬಿಡಿ. ನೀವು ಮಧ್ಯೆ ಬರ್ಬೇಡಿ."