ಅರ್ಜಿಯ ಮೇಲೆ ಬಿದ್ದ ಕೆಂಪು ಸುತ್ತು

ನಮ್ಮಣ್ಣನಿಗೆ ಪ್ರೆಸ್ಸಿನಲ್ಲಿ ‘ಕೆಂಪು ಪೆನ್ನು’ ಎಂದೇ ಹೆಸರು. ಪ್ರೂಫ್ ತಿದ್ದುವುದು ಅವನ ಕೆಲಸ. ತಪ್ಪಿದ್ದರೆ ತಿದ್ದುತ್ತಾನೆ, ಅನುಮಾನವಿದ್ದರೆ ಕೆಂಪು ಸುತ್ತು ಹಾಕಿ ಬರೆದವರಿಗೇ ವಾಪಸು ಕಳಿಸುತ್ತಾನೆ. ಅತ್ತಿಗೆ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಮಗಳೇ ಜೊತೆ. ಸಂಜೆ ಅವಳು ಮೂಲಪ್ರತಿಯನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದುತ್ತಿದ್ದಳು, ಇವನು ಪ್ರೂಫಿನ ಮೇಲೆ ಬೆರಳಾಡಿಸುತ್ತಿದ್ದ. ಒಬ್ಬನೇ ಓದಿದರೆ ಈಚೆಗೆ ಸಾಲು ತಪ್ಪುತ್ತಿತ್ತು.

ಹುಡುಗಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ನಾನು ಅವನ ತಂಗಿ, ಇರುವುದು ಎದುರು ಮನೆಯಲ್ಲೇ, ನನ್ನ ಬಾಯಿ ಸುಮ್ಮನಿರುವುದಲ್ಲ.

“ಹಾಸ್ಟೆಲ್ಲೂ ಬೇಡ, ಗೀಸ್ಟೆಲ್ಲೂ ಬೇಡ. ಮನೇಲಿದ್ದುಕೊಂಡೇ ಓದಲಿ. ಇಲ್ಲದಿದ್ರೆ ನಿನ್ನ ಪ್ರೂಫ್ ಯಾರು ಓದ್ತಾರೆ?” ಎಂದೆ. ಅಣ್ಣ ಪ್ರೂಫಿನ ಹಾಳೆ ತಿರುವಿದ; ಹುಡುಗಿ ನನ್ನ ಮಾತು ಕೇಳಿಸಿಕೊಂಡಳು.

ಮರುದಿನ ಅವಳು ಅರ್ಜಿ ತುಂಬಿ, “ಒಂದ್ಸಲ ನೋಡಿಬಿಡಪ್ಪ” ಎಂದು ಕೊಟ್ಟಳು. ಇವನು ಅಭ್ಯಾಸಬಲದಿಂದ ಪೆನ್ನು ಹಿಡಿದೇ ಓದಿದ. ಹಾಸ್ಟೆಲ್ ಬೇಕೇ ಎಂಬಲ್ಲಿ ‘ಬೇಡ’ ಎಂದಿತ್ತು. ಅದಕ್ಕೆ ದಪ್ಪಗೆ ಒಂದು ಕೆಂಪು ಸುತ್ತು ಬಿತ್ತು.

“ಅಯ್ಯೋ ಅಪ್ಪ, ಇದು ಪ್ರೂಫಲ್ಲ! ಕಾಲೇಜಿಗೆ ಕೊಡೋ ಅರ್ಜಿ!”

ಮೂವತ್ತು ವರ್ಷ ಯಾರ ಮೂಲಪ್ರತಿಯ ಮೇಲೂ ಗೀಚದವನು ಅಂದು ಗೀಚಿದ್ದ. ನನಗೆ ಮೈಯೆಲ್ಲ ಉರಿಯಿತು. “ಬುದ್ಧಿ ಎಲ್ಲಿಟ್ಟಿದ್ದೆ?” ಎಂದೆ.

ಅಣ್ಣ ನನ್ನ ಕಡೆ ನೋಡಲೇ ಇಲ್ಲ. “ತಪ್ಪು ಅಂತ ಹಾಕಿದ್ದಲ್ಲ ಮಗಳೇ. ಇದು ನಿನ್ನ ಮಾತೋ, ನಿಮ್ಮತ್ತೆ ಮಾತೋ ಅಂತ ಅನುಮಾನ ಬಂತು. ನೀನೇ ನೋಡಿ ಹೇಳು.”

ಅವಳು ಹೊಸ ಅರ್ಜಿ ತಂದು ಎಲ್ಲವನ್ನೂ ಮೊದಲಿನಿಂದ ಬರೆಯಲು ಕೂತಳು. ಆ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಿಕೊಂಡೆ. ‘ಬೇಕು’ ಎಂದು ಬರೆದಳು.

ಈಗ ಅಣ್ಣನಿಗೆ ಓದುವವಳು ನಾನೇ. ಕಾಮಾ ನುಂಗುತ್ತೇನೆಂದು ದಿನಾ ಬೈಸಿಕೊಳ್ಳುತ್ತೇನೆ. ಹುಡುಗಿಯಿಲ್ಲದೆ ನನಗೂ ಬೇಜಾರು, ಹೇಳಲು ನಾಚಿಕೆಯೇನಿಲ್ಲ.

ಮೊನ್ನೆ ಭಾನುವಾರ ಅವಳ ಫೋನು ಬಂತು, ನಾನೇ ಸ್ಪೀಕರಿಗೆ ಹಾಕಿದೆ. “ಅಪ್ಪ, ಕಾಮಾ, ಊಟ ಆಯ್ತಾ?”

“ಆಯ್ತು, ಫುಲ್‌ಸ್ಟಾಪ್” ಎಂದ ಅಣ್ಣ. ಒಲೆ ಇನ್ನೂ ಹಚ್ಚಿರಲಿಲ್ಲ.

“ನಾನಿಲ್ಲ ಅಂತ ಬೇಜಾರಿಲ್ಲ ತಾನೇ?”

“ಇಲ್ಲ, ಫುಲ್‌ಸ್ಟಾಪ್.”

ಅವಳು ಅಷ್ಟಕ್ಕೇ ಬಿಡಲಿಲ್ಲ. “ಆ ‘ಇಲ್ಲ’ಕ್ಕೊಂದು ಕೆಂಪು ಸುತ್ತು ಹಾಕಿದೀನಿ ಅಪ್ಪ. ನೀನೇ ನೋಡಿ ಹೇಳು” ಎಂದಳು.

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಇದೆ ಕಣಮ್ಮ” ಎಂದ. “ಆದ್ರೂ ನೀನು ಅಲ್ಲೇ ಇರು.”