ಕಲ್ಲಿನವರ ಸರದಿ

ಹಂಪಮ್ಮ ಆ ಪುಸ್ತಕವನ್ನು ನೀರೊಲೆಗೆ ಹಾಕಿ ಸುಟ್ಟಳು, ಅದಕ್ಕೇ ನಮ್ಮ ಆಟ ನಿಂತುಹೋಯಿತು ಎಂದು ಗೆಳೆಯ ಖಾಜಾ ಇವತ್ತಿಗೂ ಹೇಳುತ್ತಾನೆ. ಎರ್ರಿಸ್ವಾಮಿ ಪಕ್ಕದಲ್ಲಿದ್ದರೆ ಆ ಕಥೆಗೆ ಹೊಗೆಯನ್ನೂ ವಾಸನೆಯನ್ನೂ ಸೇರಿಸುತ್ತಾನೆ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು, ಸಾಕ್ಷಿ ಕೇಳುವುದು ನನಗೆ ಅಂಟಿದ ರೋಗ. ಸುಟ್ಟದ್ದನ್ನು ಕಂಡವರು ಯಾರು? ಯಾರೂ ಇಲ್ಲ. ಬೂದಿ ಇತ್ತಂತೆ. ನೀರೊಲೆಯಲ್ಲಿ ಬೂದಿ ಇರದೆ ಬೆಣ್ಣೆ ಇರುತ್ತದೆಯೇ? ಅಲ್ಲಿಗೆ ವಾದ ಬಿದ್ದುಹೋಯಿತು. ಆದರೂ ಇಷ್ಟು ವರ್ಷ ನಾನು ಎದ್ದು ನಿಂತು ಆಕ್ಷೇಪಿಸಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ. ಗೆಲ್ಲುವ ಅಂಶವನ್ನು ಕೊನೆಗೆ ಇಟ್ಟುಕೊಳ್ಳಬೇಕೆಂದು ನಮಗೆ ಕಲಿಸಿದ್ದರು. ಸೋಲುವ ಅಂಶಕ್ಕೂ ಅದೇ ನಿಯಮ ಇರಲಿ.

ಹೋದ ವಾರ ಅವ್ವ ನನ್ನ ಕಪ್ಪನ್ನು ಗೂಡಿನಿಂದ ಇಳಿಸಿದಳು. ಸಿರುಗುಪ್ಪದ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಹಿತ್ತಾಳೆ ಕಪ್ ಅದು. ಹುಣಸೆಹಣ್ಣು ಹಚ್ಚಿ ಉಜ್ಜೋಣವೆಂದು ಬೋರಲು ಹಾಕಿದರೆ ಒಳಗಿನಿಂದ ಆರು ಹುಣಸೆಬೀಜ ಉದುರಿದವು. ಎಲ್ಲವೂ ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದಂಥವು.

"ಇದೇನೋ? ಅಷ್ಟು ದೂರ ಹೋಗಿ ಹುಣಸಿಬೀಜ ಗೆದ್ದು ಬಂದಿದ್ದೇನು?" ಎಂದಳು.

ಹುಣಸೆಯ ಆ ಹುಳಿ ವಾಸನೆ ಮೂಗಿಗೆ ಬಡಿಯಿತು ನೋಡಿ, ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಎರ್ರಿಸ್ವಾಮಿಯ ಮನೆಯ ಪಡಸಾಲೆ ಎದುರಿಗೆ ಬಂದು ನಿಂತಿತು.

ಆಗ ನಾವು ಕಾಲೇಜಿನ ಹುಡುಗರು. ಎರ್ರಿಸ್ವಾಮಿ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಪುಸ್ತಕ ಹೊತ್ತು ತಂದಿದ್ದ. ರಟ್ಟಿಲ್ಲ, ಮೊದಲಿಲ್ಲ, ಕೊನೆಯಿಲ್ಲ. ನಿಘಂಟು ಹಿಡಿದು ಕೂತ ಮೇಲೆ ತಿಳಿದದ್ದಿಷ್ಟು: ಇದೊಂದು ಆಟ. ಹಾಸಿಲ್ಲ, ಕಾಯಿಲ್ಲ. ಒಬ್ಬ ಯಜಮಾನ ಬಾಯಲ್ಲೇ ಒಂದು ಲೋಕ ಕಟ್ಟಬೇಕು. ಉಳಿದವರು ಆ ಲೋಕದಲ್ಲಿ ಯಾರೋ ಆಗಿ ಬದುಕಬೇಕು. ಮನುಷ್ಯರೇ ಆಗಬೇಕೆಂದಿಲ್ಲ. ಹೇಗೆ ಆಡಬೇಕೆಂಬ ಪುಟಗಳು ಹರಿದುಹೋಗಿದ್ದವು. ಯಾವ ಯಾವ ಕುಲದವರಾಗಬಹುದು ಎಂಬ ಅಧ್ಯಾಯ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಲಗ್ನಪತ್ರಿಕೆಯಲ್ಲಿ ಮುಹೂರ್ತ, ಸ್ಥಳ ಹರಿದುಹೋಗಿ 'ಸುಖಾಗಮನ ಬಯಸುವವರು' ಮಾತ್ರ ಉಳಿದ ಹಾಗೆ. ದಾಳವೂ ಇರಲಿಲ್ಲ. ಎರ್ರಿಸ್ವಾಮಿಯ ಚಿಕ್ಕಪ್ಪನ ಮಗಳು ಹಂಪಮ್ಮ ಹುಣಸೆಬೀಜ ತಿಕ್ಕಿ ಕೊಟ್ಟಳು. ಓದಲೆಂದು ಹಚ್ಚೊಳ್ಳಿಯಿಂದ ಬಂದು ಅವರ ಮನೆಯಲ್ಲೇ ಇದ್ದಳು. ಬೀಜ ಕುಲುಕಲು ನನ್ನ ಕಪ್. ಬೇರೆ ಲೋಟವೂ ಇತ್ತೆನ್ನಿ, ಆದರೆ ನನ್ನ ಕಪ್ಪನ್ನು ನಾಲ್ಕು ಜನ ನೋಡುವುದು ಬೇಡವೇ?

ಎರ್ರಿಸ್ವಾಮಿ ಯಜಮಾನನಾದ. ಪುಸ್ತಕದಲ್ಲಿದ್ದ ಹಿಮ, ಕೋಟೆ, ದಟ್ಟ ಕಾಡು ಯಾವುದನ್ನೂ ನಾವು ಕಂಡಿರಲಿಲ್ಲ. "ನಮ್ಮ ಸೀಮಿನೇ ಲೋಕ ಮಾಡಾಣ" ಎಂದು ಕುರುಗೋಡಿನ ಗುಡ್ಡದಿಂದ ಕಾಲುವೆಯ ತನಕ ನಕ್ಷೆ ಬರೆದ. ನಾನು ಗಡ್ಡದ ಗಿಡ್ಡರ ಕುಲ ಆರಿಸಿಕೊಂಡೆ. ಅವರು ಕಲ್ಲು ಕೊರೆದು ಊರು ಕಟ್ಟುವವರು, ಗುಡ್ಡ ಅವರಿಗೆ. ಖಾಜಾನದು ಚೂಪುಗಿವಿಯವರು. ಅವರು ಕಾಡಿನಲ್ಲೇ ಇರಬೇಕೆಂದು ಪುಸ್ತಕದ ಅಪ್ಪಣೆ. ನಮ್ಮಲ್ಲಿ ಕಾಡೆಲ್ಲಿ?

"ಜಾಲಿ ಐತಲ್ಲ, ಬಳ್ಳಾರಿ ಜಾಲಿ" ಎಂದ ಎರ್ರಿಸ್ವಾಮಿ.

"ಲೇ, ಮೊದಲ ಉದ್ದ ಕಿವಿ. ಮುಳ್ಳಿನಾಗ ಬಿಟ್ರ ಏನ್ ಉಳೀತೈತಲೇ?" ಎಂದು ಖಾಜಾ ಎರಡೂ ಕಿವಿ ಮುಚ್ಚಿಕೊಂಡ.

ಹೊಸ ಕುಲವನ್ನು ಊರೊಳಗೆ ಬಿಟ್ಟುಕೊಳ್ಳುವುದು ಎಷ್ಟು ತಾಪತ್ರಯವೆಂದು ಆ ಪುಸ್ತಕ ಬರೆದವನಿಗೆ ಗೊತ್ತಿರಲಿಕ್ಕಿಲ್ಲ. ಅವನು ಎತ್ತರ, ತೂಕ, ಆಯುಸ್ಸು ಬರೆದು ಕೈತೊಳೆದುಕೊಂಡಿದ್ದ. ನಮ್ಮ ಪ್ರಶ್ನೆಗಳೇ ಬೇರೆ. ಕಾಲುವೆ ನೀರಿನ ಸರದಿಯಲ್ಲಿ ಇವರಿಗೆ ಯಾವ ವಾರ? ಗಿಡ್ಡರು ಮೇಲೆ ತೂಬು ಕಟ್ಟಿದರೆ ಕೆಳಗಿನ ಭತ್ತದ ಗತಿಯೇನು? ಚೂಪುಗಿವಿಯವರು ಐನೂರು ವರ್ಷ ಬದುಕಿದರೆ ಅವರ ಮಕ್ಕಳಿಗೆ ಹೊಲ ಭಾಗವಾಗುವುದು ಯಾವಾಗ? ಗಿಡ್ಡರು ಪೀಪಾಯಿಗಟ್ಟಲೆ ಮದ್ಯ ಕುಡಿಯುತ್ತಾರೆಂದು ನಾನು ಓದಿದ್ದೇ ತಡ, ಎರ್ರಿಸ್ವಾಮಿಯ ಅವ್ವ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ಈ ಮನ್ಯಾಗ ಕುಂತು ಆಡೋ ಗಿಡ್ಡರು ಮಜ್ಜಿಗಿ ಕುಡೀತಾರ. ಅಲ್ಲೋ, ಅವರು ಯಾರ ಪೈಕಿ?"

ಒಗ್ಗರಣೆ ಮಂಡಕ್ಕಿ ಮೆಲ್ಲುತ್ತ ಆರು ಭಾನುವಾರ ನೀರಿನ ಸರದಿಗಾಗಿಯೇ ಜಗಳಾಡಿದೆವು. ಯುದ್ಧ, ನಿಧಿ, ರಾಕ್ಷಸ ಎಲ್ಲ ಹೊರಗೆ ಬಿಸಿಲಲ್ಲಿ ಕಾಯುತ್ತ ನಿಂತಿದ್ದವು.

ಏಳನೆಯ ಭಾನುವಾರ ಹಂಪಮ್ಮ ನೀರಿನ ತಂಬಿಗೆ ಇಟ್ಟವಳು ಎದ್ದು ಹೋಗಲಿಲ್ಲ.

"ಅಣ್ಣ, ನಾನೂ ಆಡ್ತೀನಿ."

"ಆಡು. ಪುಸ್ತಕ ನೋಡಿ ಒಂದು ಕುಲ ಆರಿಸ್ಕೋ."

"ನನ್ನ ಕುಲ ಪುಸ್ತಕದಾಗ ಇಲ್ಲ. ಕಲ್ಲಿನೋರು. ಕುರುಗೋಡು ಗುಡ್ಡದಾಗ ಒಂದರ ಮ್ಯಾಲೊಂದು ಗುಂಡು ಕುಂತಾವಲ್ಲ, ಅವು ಕಲ್ಲಲ್ಲ, ಮಂದಿ. ನಿಧಾನ ಮಂದಿ. ನೀವು ನೂರು ಸರದಿ ಆಡಿದ್ರ ಅವರದು ಒಂದು."

ಮಿಕ್ಕವರಿಗೆ ಹೊಳೆಯುವ ಮೊದಲೇ ನನಗೆ ಹೊಳೆಯಿತು: ಗುಂಡುಗಳು ಮಂದಿಯಾದರೆ ನನ್ನ ಗಿಡ್ಡರು ಆರು ವಾರದಿಂದ ಕೊರೆಯುತ್ತಿದ್ದದ್ದು ಯಾರ ಬೆನ್ನನ್ನು? ಎದ್ದು ನಿಂತೆ. ಹೌದು, ಪಡಸಾಲೆಯಲ್ಲಿ, ಚಾಪೆಯ ಮೇಲೆ, ಎದ್ದು ನಿಂತೆ.

"ಮಾನ್ಯ ಅಧ್ಯಕ್ಷರೇ, ಆಟವೆಂದರೆ ನಡೆ. ನಡೆಯಿಲ್ಲದವನು ಆಟಗಾರನಲ್ಲ. ಕೂತಲ್ಲೇ ಕೂತದ್ದು ನೆಲ. ನೆಲಕ್ಕೆ ಮತವಿಲ್ಲ, ನೀರಿನ ಸರದಿಯಿಲ್ಲ."

"ಲೇ ವಕೀಲ, ಕುಂತು ಮಾತಾಡು, ಫ್ಯಾನಿಗೆ ತಲಿ ಬಡೀತೈತಿ" ಎಂದ ಖಾಜಾ. ಆದರೆ ಕೈಯೆತ್ತಿದ್ದು ನನ್ನ ಕಡೆಗೇ. ಗುಡ್ಡದಲ್ಲಿ ಅವನ ಚೂಪುಗಿವಿಯವರಿಗೂ ಮುಳ್ಳಿಲ್ಲದ ಒಂದು ಓಣಿ ಕೊಡುತ್ತೇನೆಂದು ನಾನು ಮೊದಲೇ ಮಾತು ಕೊಟ್ಟಿದ್ದೆ.

ಹಂಪಮ್ಮ ನನ್ನನ್ನೇ ನೋಡಿದಳು. "ಗುಂಡು ಕುಂತಾವ ಅಂತ ನೀವ ಅಂತೀರಿ. ಕುಂತೋರು ಒಂದಿನ ಏಳಾಂಗಿಲ್ಲೇನು?"

ಉತ್ತರವಿಲ್ಲದಾಗ ದನಿ ಎತ್ತರಿಸಬೇಕೆಂದು ಗೊತ್ತಿತ್ತು. ಎತ್ತರಿಸಿದೆ, ಗೆದ್ದೆ. ಕಲ್ಲಿನವರು ನೆಲವೆಂದೂ ಆಟಗಾರರಲ್ಲವೆಂದೂ ಎರ್ರಿಸ್ವಾಮಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

"ಆತು ಬಿಡಣ್ಣ" ಎಂದಳು ಹಂಪಮ್ಮ. "ನಾ ಇಲ್ಲೇ ಕುಂದರ್ತೀನಿ. ಕುಂದ್ರಾಕ ಯಾರ ಅಪ್ಪಣಿ ಬೇಕು?"

ಅಂದಿನಿಂದ ಪ್ರತಿ ಭಾನುವಾರ ಬಂದು ಗೋಡೆಗೊರಗಿ ಕೂತಳು. ಮಾತಿಲ್ಲ, ಕತೆಯಿಲ್ಲ. ಸಿಟ್ಟಾಗಿದ್ದಾಳೆಂದು ಖಾಜಾ ಅಂದುಕೊಂಡ. ಆಟ ಅರ್ಥವಾಗಿಲ್ಲವೆಂದು ಅವಳ ಅಣ್ಣ ಅಂದುಕೊಂಡ. ನನ್ನ ಗಿಡ್ಡರು ಮಾತ್ರ ಬೆಳೆದರು. ಗುಡ್ಡದ ತುಂಬ ಕುಲುಮೆ, ಸಂತೆ, ಸಾಲುಮನೆ. ತುದಿಯ ಗುಂಡಿನ ಮೇಲೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಚರ್ಚಾಭವನ.

ಒಂದು ದಿನ ಚಪ್ಪಲಿ ಹುಡುಕುತ್ತ ಬಾಗಿಲ ಹಿಂದೆ ಬಗ್ಗಿದೆ. ಹಂಪಮ್ಮ ಒರಗಿ ಕೂರುತ್ತಿದ್ದ ಗೋಡೆಯ ಮೇಲೆ, ನಮ್ಮ ಸರದಿಗೊಂದರಂತೆ ಇದ್ದಿಲಿನ ಗೀಟುಗಳು, ಹತ್ತು ಹತ್ತರ ಕಂತೆ. ಎಣಿಸಿದೆ. ತೊಂಬತ್ತಾರು. ಹಂಪಮ್ಮ ಸಿಟ್ಟಾಗಿರಲಿಲ್ಲ. ಆಡುತ್ತಿದ್ದಳು. ನಮ್ಮೆಲ್ಲರಿಗಿಂತ ಶ್ರದ್ಧೆಯಿಂದ, ನಿಯಮ ತಪ್ಪದೆ, ತನ್ನ ಸರದಿಗೆ ಕಾಯುತ್ತ ಆಡುತ್ತಿದ್ದಳು.

ಇನ್ನು ನಾಲ್ಕು ಗೀಟಿಗೆ ನೂರು ತುಂಬಿ, ನನ್ನ ಊರನ್ನು ಹೊತ್ತ ಗುಂಡುಗಳು ಎದ್ದುಬಿಡುತ್ತಿದ್ದವು. ಆಗ ನಾನೇನು ಮಾಡಿದೆ ಗೊತ್ತೇ? "ಗಿಡ್ಡರ ಬಗ್ಗೆ ಒಂದೀಟು ನೋಡೋದೈತಿ" ಎಂದು ಪುಸ್ತಕವನ್ನು ಮನೆಗೆ ಒಯ್ದೆ. ಬೀಜಗಳ ಸಮೇತ ಕಪ್ಪನ್ನೂ. ಪುಸ್ತಕ ಟ್ರಂಕಿನ ತಳಕ್ಕೆ ಹೋಯಿತು. ಮುಂದಿನ ಭಾನುವಾರ ಯಾರೋ "ಪುಸ್ತಕ ಎಲ್ಲೈತಿ?" ಎಂದಾಗ, ಮರುದಿನವೇ ತಂದು ಪಡಸಾಲೆಯಲ್ಲಿ ಇಟ್ಟಿದ್ದೆನೆಂದೆ. ಎಲ್ಲರ ಕಣ್ಣು ಹಂಪಮ್ಮನ ಮೇಲೆ ಬಿತ್ತು. ನೀರೊಲೆಯ ಕಥೆ ತಾನಾಗಿ ಹುಟ್ಟಿತು. ಅವಳು ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಅದು ಅವಳ ಮೇಲೆ ನಾನು ಗೆದ್ದ ಎರಡನೆಯ ಚರ್ಚೆ. ಅದಕ್ಕೆ ಕಪ್ ಕೊಡುವವರಿರಲಿಲ್ಲ.

ಮೊನ್ನೆ ಪುಸ್ತಕ, ಕಪ್, ಬೀಜ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಹಂಪಮ್ಮ ಈಗ ಅಲ್ಲಿ ಟೀಚರು. ಬಸ್ಸಿನಲ್ಲಿ ತಪ್ಪೊಪ್ಪಿಗೆಯ ಭಾಷಣ ಸಿದ್ಧಮಾಡಿಕೊಂಡೆ: ಪೀಠಿಕೆ, ಮೂರು ಅಂಶ, ಉಪಸಂಹಾರ. ಶಾಲೆಯ ಕಟ್ಟೆಯ ಮೇಲೆ ಪುಸ್ತಕ ತೆಗೆದಿಟ್ಟಾಗ ಪೀಠಿಕೆಯೇ ಮರೆತುಹೋಯಿತು. "ಸುಟ್ಟಿದ್ದು ನೀನಲ್ಲ" ಎಂದೆ, ಹೊಸ ಸುದ್ದಿ ಹೇಳುವವನಂತೆ.

"ಅದು ನನಗ ಗೊತ್ತಿಲ್ಲೇನು?" ಎಂದಳು. ಪುಸ್ತಕವನ್ನು ಮುಟ್ಟಲಿಲ್ಲ. ಕಪ್ಪಿನೊಳಗೆ ಇಣುಕಿ, ಬೀಜಗಳನ್ನು ನನ್ನ ಅಂಗೈಗೆ ಸುರಿದಳು. "ಹಾಕು."

ಹಾಕಿದೆ. ಮೂರು ಬಿಳಿ, ಮೂರು ಕರಿ.

"ತೊಂಬತ್ತೇಳು" ಎಂದು ಸೀಮೆಸುಣ್ಣದಲ್ಲಿ ಕಟ್ಟೆಯ ಮೇಲೆ ಒಂದು ಗೀಟೆಳೆದು, ಬೀಜ ಆಯ್ದು ಮತ್ತೆ ನನ್ನ ಕೈಗಿಟ್ಟಳು.

ಅವಳ ಬೆನ್ನ ಹಿಂದೆ ಗುಡ್ಡ. ಒಂದರ ಮೇಲೊಂದು ಗುಂಡು, ಕೂತಿದ್ದವು. ಇಷ್ಟು ವರ್ಷದ ಬಳಿಕ ನನ್ನ ಊರು, ಸಂತೆ, ಚರ್ಚಾಭವನ ಎಲ್ಲ ಅಲ್ಲಿ ಮೇಲಿದ್ದಂತೆ ಕಂಡವು. ನೂರಕ್ಕೆ ಇನ್ನು ಮೂರೇ ಸರದಿ. ಎದ್ದು ನಿಲ್ಲಲಿಲ್ಲ, ದನಿ ಎತ್ತರಿಸಲಿಲ್ಲ. ಕೇಳಿದೆ:

"ಹಂಪಮ್ಮ, ಕಲ್ಲಿನೋರು ಎದ್ದ ಮ್ಯಾಲೆ ನನ್ನ ಗಿಡ್ಡರಿಗೆ ಕುಂದ್ರಾಕ ಎಲ್ಲೆರ ಒಂದೀಟು ಜಾಗ ಕೊಡ್ತೀಯೇನು?"