ಓಡಿಸಿದವನು ಒಬ್ಬ, ಬೋನಸ್ ಇನ್ನೊಬ್ಬರಿಗೆ

ಆರು ವರ್ಷ ಒಂದು ಲಾರಿಯನ್ನು ಯಾರಿಗೂ ತಾಗಿಸದೆ, ಎಲ್ಲಿಯೂ ಉರುಳಿಸದೆ ಓಡಿಸಿದವನು ಒಬ್ಬ, ಅದರ ಆರ್.ಸಿ.ಯಲ್ಲಿ ಹೆಸರಿರುವವರು ಇನ್ನೊಬ್ಬರು. ಅಪಘಾತವಿಲ್ಲದ ಆ ಆರು ವರ್ಷಗಳ ಫಲ ಯಾರಿಗೆ ಸೇರಬೇಕು? ಉತ್ತರ ಹೇಳಲು ನಿಮಗೆ ಕ್ಷಣವೂ ಬೇಕಾಗದು. ನಮ್ಮ ವಿಮಾ ವ್ಯವಸ್ಥೆಯೂ ತಡಮಾಡದೆ ಉತ್ತರಿಸುತ್ತದೆ. ಆದರೆ ಅದರ ಉತ್ತರ ನಿಮ್ಮದಕ್ಕೆ ತದ್ವಿರುದ್ಧ.

ಕೋವಿಡ್ ಕಳೆದು ಮೈಸೂರಿನ ಮೇಟಗಳ್ಳಿ, ಹೂಟಗಳ್ಳಿಯ ಕಾರ್ಖಾನೆಗಳು ಮತ್ತೆ ಮೂರು ಪಾಳಿಗಳಲ್ಲಿ ನಡೆಯತೊಡಗಿದ್ದ ಕಾಲವದು. ನಾನು ನಜರ್‌ಬಾದ್‌ನಲ್ಲಿ ಸಾಮಾನ್ಯ ವಿಮಾ ಕಂಪನಿಯೊಂದರ ಶಾಖೆಯಲ್ಲಿ ಅಂಡರ್‌ರೈಟರ್ ಆಗಿದ್ದೆ. ಅಂದರೆ, ವಾಹನವೊಂದರ ಅಪಾಯವನ್ನು ತೂಗಿ, ಅದನ್ನು ಯಾವ ಪ್ರೀಮಿಯಂಗೆ ಒಪ್ಪಿಕೊಳ್ಳಬಹುದೆಂದು ನಿರ್ಧರಿಸುವ ಕೆಲಸ. ಅಪಾಯ ಹೆಚ್ಚಿದ್ದಲ್ಲಿ ದರ ಹೆಚ್ಚು, ಕಡಿಮೆ ಇದ್ದಲ್ಲಿ ಕಡಿಮೆ. ಇದಕ್ಕಿಂತ ನ್ಯಾಯವಾದ ತಕ್ಕಡಿ ಇನ್ನೊಂದಿಲ್ಲವೆಂದು ನಂಬಿಯೇ ನಾನು ಈ ವೃತ್ತಿಗೆ ಬಂದವಳು.

ಒಂದು ಸೋಮವಾರ ಬೆಳಿಗ್ಗೆ ಇಬ್ಬರು ಒಟ್ಟಿಗೆ ಬಂದರು. ಒಬ್ಬರು ಮೇಟಗಳ್ಳಿಯ ಮಹದೇವಪ್ಪನವರು, ಹತ್ತಾರು ಲಾರಿಗಳ ಮಾಲೀಕರು. ಇನ್ನೊಬ್ಬ ಹೂಟಗಳ್ಳಿಯ ಸಿದ್ದರಾಜು, ಇಪ್ಪತ್ತಾರರ ಯುವಕ. ಅವರ ಲಾರಿಯೊಂದನ್ನು ಆರು ವರ್ಷ ಸಂಬಳಕ್ಕೆ ಓಡಿಸಿ, ಆ ವಾರವಷ್ಟೇ ಅದನ್ನು ಅವರಿಂದಲೇ ಕೊಂಡುಕೊಂಡಿದ್ದ. ಕೂಡಿಟ್ಟದ್ದನ್ನೆಲ್ಲ ಅದಕ್ಕೆ ಸುರಿದಿದ್ದ. ಮಾಲೀಕರಿಗೆ ತಮ್ಮ ಹೊಸ ಲಾರಿಯ ವಿಮೆ ಆಗಬೇಕಿತ್ತು. ಸಿದ್ದರಾಜುವಿಗೆ ಹಳೆಯ ಲಾರಿಯದು.

ನಾನು ಕೊಟ್ಟ ದರ ನೋಡಿ ಸಿದ್ದರಾಜು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. “ಇದೇನ್ ಮೇಡಂ, ಯಜಮಾನ್ರು ಕಟ್ತಿದ್ದುದಕ್ಕಿಂತ ಇಷ್ಟೊಂದು ಜಾಸ್ತಿ ಅದೆ? ಗಾಡಿ ಅದೇ. ಓಡ್ಸೋನೂ ನಾನೇ.”

ವಿವರಿಸಿದೆ. ಲಾರಿಯ ವಿಮೆಯಲ್ಲಿ ಎರಡು ಭಾಗ. ಮೊದಲನೆಯದು ಥರ್ಡ್ ಪಾರ್ಟಿ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಗೆ. ಅದು ಕಡ್ಡಾಯ, ದರವನ್ನು ಸರ್ಕಾರವೇ ವಾಹನದ ತೂಕಕ್ಕೆ ತಕ್ಕಂತೆ ಗೊತ್ತುಪಡಿಸುತ್ತದೆ. ಎರಡನೆಯದು ಓನ್ ಡ್ಯಾಮೇಜ್, ನಮ್ಮ ವಾಹನಕ್ಕೇ ಆಗುವ ಹಾನಿಗೆ. ಅದರ ದರ ಕಂಪನಿಯ ಕೈಯಲ್ಲಿ. ಹಲವು ಲಾರಿಗಳ ಮಾಲೀಕರಿಗೆ ಅಲ್ಲಿ ದೊಡ್ಡ ರಿಯಾಯಿತಿ. ಒಂದೇ ಲಾರಿಯ ಹೊಸ, ಎಳೆಯ ಮಾಲೀಕನಿಗೆ ಇಲ್ಲ. ಜೊತೆಗೆ ನೋ ಕ್ಲೇಮ್ ಬೋನಸ್: ವರ್ಷವಿಡೀ ಪರಿಹಾರ ಕೇಳದಿದ್ದರೆ ಮರುವರ್ಷ ಸಿಗುವ, ವರ್ಷದಿಂದ ವರ್ಷಕ್ಕೆ ಬೆಳೆಯುವ ಕಡಿತ. ಅದು ಸೇರುವುದು ಪಾಲಿಸಿದಾರರಿಗೆ. ಲಾರಿ ಮಾರಿದರೂ ಬೋನಸ್ ಅವರ ಜೊತೆಯೇ ಹೋಗಿ ಅವರ ಹೊಸ ಲಾರಿಯ ಮೇಲೆ ಕೂರುತ್ತದೆ.

“ಗಾಡಿ ಕೊಟ್ಟಿದ್ದೀನಿ ಕಣಪ್ಪ, ಬೋನಸ್ಸೂ ಕೊಡ್ತೀನಿ ಅಂದಿದ್ನಾ?” ಎಂದರು ಮಹದೇವಪ್ಪ.

“ಯಜಮಾನ್ರೆ, ಆ ಸ್ಟೇರಿಂಗ್ ಮುಂದೆ ನೀವು ಯಾವತ್ತು ಕೂತಿದ್ದೀರಿ ಹೇಳಿ.”

“ಪ್ರತಿ ಆಯುಧಪೂಜೆಗೂ ಕೂತಿಲ್ವೇನೋ? ನಿಂಬೆಹಣ್ಣಿನ ಮೇಲೆ ಹತ್ತಿಸೋನು ನಾನೇ.”

“ಹೂಂ ಬುಡಿ. ಅದ್ಕೂ ನಾನೇ ಕೆಳಗೆ ನಿಂತು ಸೈಡ್ ಹೇಳ್ಬೇಕು. ಹೋದ್ ಸಲ ಎರಡು ಹಣ್ಣು ತಪ್ಪಿಸ್ಬುಟ್ರಿ.”

ಮಹದೇವಪ್ಪನವರೂ ನಕ್ಕರು, ನಾನೂ ನಕ್ಕೆ. ಸಿದ್ದರಾಜು ನಗಲಿಲ್ಲ. “ಲೈಟ್ ಒಡೆದ್ರೆ, ಬಂಪರ್ ಬಗ್ಗಿದ್ರೆ ಕ್ಲೇಮ್ ಹಾಕ್ಬೇಡ, ಬೋನಸ್ ಹೊಂಟೋಯ್ತದೆ ಅಂತಿದ್ರಲ್ಲ, ಅದನ್ನೆಲ್ಲ ನನ್ ಬಾಟಾದಲ್ಲಿ ತಾನೆ ಹಿಡ್ಕತಿದ್ದುದು?”

“ಎಲ್ಲಾ ಓನರ್ರೂ ಅಂಗೇ ಮಾಡೋದು ಕಣೋ. ನಾನೊಬ್ನೇನಾ?”

ಅವರು ಹೇಳಿದ್ದು ನಿಜ. ಮೈಸೂರಿನ ಲಾರಿ ಉದ್ಯಮದಲ್ಲಿ ಇದು ಯಾರೂ ಪ್ರಶ್ನಿಸದ ರೂಢಿ. ಚಾಲಕನ ದಾರಿ ಖರ್ಚಿಗೆ ಕೊಡುವ ಬಾಟಾದಿಂದ ಸಣ್ಣ ರಿಪೇರಿಯ ಹಣ ಮುರಿದುಕೊಳ್ಳುತ್ತಾರೆ. ಒಂದು ಸಣ್ಣ ಕ್ಲೇಮ್ ಹಾಕಿದರೂ ವರ್ಷಗಳ ಬೋನಸ್ ಅಳಿಸಿಹೋಗುತ್ತದೆಂಬ ಭಯ ಅದಕ್ಕೆ ಕಾರಣ. ಹೀಗೆ ಆ ಹುಡುಗ ತನ್ನ ಎಚ್ಚರದಿಂದ ಬೋನಸ್ಸನ್ನು ಗಳಿಸಿದ್ದ, ಊಟದ ದುಡ್ಡಿನಿಂದ ಅದನ್ನು ಉಳಿಸಿದ್ದ. ನಮ್ಮ ಕಂಪ್ಯೂಟರಿನಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ಸೊನ್ನೆ. ಲಾರಿಯ ಸ್ಟೇರಿಂಗ್ ಹಿಡಿದೇ ಬೆಳೆದವನನ್ನು ನಾವು ‘ಅನುಭವವಿಲ್ಲದವನು’ ಎಂದು ಕರೆದಿದ್ದೆವು. ಅಂದು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಥರ್ಡ್ ಪಾರ್ಟಿ ಮಾತ್ರ ಕಟ್ಟಿ ಓಡಿಸಬಹುದಿತ್ತಲ್ಲ ಎನ್ನುವವರಿದ್ದಾರೆ. ಅವನಿಗೆ ಲೋಡ್ ಕೊಡಬೇಕಿದ್ದ ಕಾರ್ಖಾನೆ, ಎರಡೂ ಭಾಗಗಳಿರುವ ಪೂರ್ತಿ ಪ್ಯಾಕೇಜ್ ಪಾಲಿಸಿ ಇಲ್ಲದ ಲಾರಿಯನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಕಟ್ಟದಿದ್ದರೆ ಲೋಡಿಲ್ಲ, ಕಟ್ಟಿದರೆ ಲೋಡಿನಿಂದ ಬಂದದ್ದು ಉಳಿಯುವುದಿಲ್ಲ. ಅವನು ಸ್ವಂತ ಲಾರಿಯ ಮಾಲೀಕನಾಗಿ ಉಳಿಯುವನೋ ಇಲ್ಲವೋ ಎಂಬುದು ಆ ಒಂದು ದರದ ಮೇಲೆ ನಿಂತಿತ್ತು.

ವಿಶೇಷ ರಿಯಾಯಿತಿ ಕೋರಿ ಪ್ರಾದೇಶಿಕ ಕಚೇರಿಗೆ ಬರೆದೆ. ಉತ್ತರ ಬಾರದಿದ್ದಾಗ ನಾನೇ ಹೋದೆ. ಎದುರು ಪಕ್ಷದ ವಾದವನ್ನು ಅದರ ಗಟ್ಟಿ ರೂಪದಲ್ಲಿಯೇ ಎದುರಿಸಬೇಕೆಂದು ಕಾಲೇಜಿನ ಚರ್ಚಾಕೂಟ ನನಗೆ ಕಲಿಸಿತ್ತು. ಆದ್ದರಿಂದ ಒಪ್ಪಿಕೊಂಡೇ ಮಾತು ಆರಂಭಿಸಿದೆ: ಎಳೆಯ ಚಾಲಕರಲ್ಲಿ ಆತುರ ಹೆಚ್ಚು, ಒಂದೇ ಲಾರಿಯಿರುವವನು ನಿದ್ದೆಗೆಟ್ಟು ಓಡಿಸುವ ಸಾಧ್ಯತೆಯೂ ಹೆಚ್ಚು. ಹಾಗಾದರೆ ನಿಧಾನಸ್ಥನೆಂದು ಈಗಾಗಲೇ ತೋರಿಸಿಕೊಟ್ಟವನನ್ನು ಆ ಗುಂಪಿನಿಂದ ಬೇರ್ಪಡಿಸಬೇಡವೇ?

ಮೇಲಧಿಕಾರಿಗಳು ತಾಳ್ಮೆಯಿಂದ ಕೇಳಿದರು. “ಡ್ರೈವರ್ ನಮ್ಮ ಗಿರಾಕಿ ಅಲ್ಲಮ್ಮ. ಇವತ್ತು ಇವನು, ನಾಳೆ ಇನ್ನೊಬ್ಬ. ಯಾರು ಓಡಿಸಿದ್ರು ಅಂತ ನಾವು ಎಲ್ಲಿ ಹುಡುಕೋಣ?”

“ಗಾಡಿ ಉರುಳಿದ ದಿನ ನಾವು ಮೊದಲು ಕೇಳೋದೇ ಓಡಿಸ್ತಿದ್ದವನ ಲೈಸೆನ್ಸ್, ಸರ್. ಅದರಲ್ಲಿ ಒಂದು ಕೊರತೆ ಸಿಕ್ಕರೆ ಕ್ಲೇಮನ್ನೇ ತಿರಸ್ಕರಿಸ್ತೀವಿ. ಉರುಳದೇ ಇದ್ದ ವರ್ಷಗಳಲ್ಲಿ ಮಾತ್ರ ಅವನು ಯಾರೂ ಅಲ್ವಾ?”

“ಡಿಬೇಟ್ ಚೆನ್ನಾಗಿ ಮಾಡ್ತೀರಿ. ಈಗ ರೂಲ್ ತೋರಿಸಿ.”

ತೋರಿಸಲು ನನ್ನ ಬಳಿ ರೂಲ್ ಇರಲಿಲ್ಲ. ನನ್ನ ವಾದದಲ್ಲಿ ತಪ್ಪಿದೆಯೆಂದು ಅವರು ಹೇಳಲೂ ಇಲ್ಲ. ಅನ್ಯಾಯವನ್ನು ಸಮರ್ಥಿಸುವ ಶ್ರಮವನ್ನೂ ತೆಗೆದುಕೊಳ್ಳದ ಆ ನೆಮ್ಮದಿಯೇ ನನ್ನನ್ನು ಹೆಚ್ಚು ಕೆರಳಿಸಿತು.

ಸಿದ್ದರಾಜು ಆ ವರ್ಷ ಪೂರ್ತಿ ದರ ಕಟ್ಟಿದ. ಮರುವರ್ಷ ಅದೇ ನಂಬರಿನ ಲಾರಿ ನವೀಕರಣಕ್ಕೆ ಬಂದಾಗ ಮಾಲೀಕರ ಹೆಸರು ಮತ್ತೆ ಮಹದೇವಪ್ಪ ಎಂದಿತ್ತು. ಕಾಗದ ತಂದವನು ಸಿದ್ದರಾಜು.

“ವಾಪಸ್ ಕೊಟ್ಬುಟ್ಟೆ ಮೇಡಂ. ಟೈರು ಹಾಕ್ಸೋದೋ, ಇನ್ಶೂರೆನ್ಸ್ ಕಟ್ಟೋದೋ? ಈಗ ಸಂಬಳಕ್ಕೆ ಅದೇ ಗಾಡಿ ಓಡಿಸ್ತಿದ್ದೀನಿ.”

ಒಂದು ವರ್ಷ ಕ್ಲೇಮಿಲ್ಲದೆ ಕಳೆದದ್ದಕ್ಕೆ ಅವನಿಗೂ ಬೋನಸ್ಸಿನ ಮೊದಲ ಮೆಟ್ಟಿಲು ಸಿಗಬೇಕಿತ್ತು. ಅಷ್ಟರಲ್ಲಿ ಲಾರಿಯೇ ಕೈಬಿಟ್ಟುಹೋಗಿತ್ತು. ಹಲವು ಲಾರಿಗಳ ರಿಯಾಯಿತಿ ಸೇರಿಸಿ ನಾನು ಹೊಸ ದರ ತೆಗೆದೆ. ಅವನು ಕಟ್ಟಿದ್ದಕ್ಕಿಂತ ಅದು ಬಹಳ ಕಡಿಮೆ. ಸಿದ್ದರಾಜು ಪರದೆಯತ್ತ ಬಗ್ಗಿ ನೋಡಿದ.

“ಓನರ್ ಆಗಿದ್ದಾಗ ನಾನು ಡೇಂಜರ್ ಡ್ರೈವರ್ರು, ಸಂಬಳಕ್ಕೆ ಸೇರ್ಕಂಡ್ ಮೇಲೆ ಒಳ್ಳೇ ಡ್ರೈವರ್ರು. ಅಲ್ವಾ ಮೇಡಂ?”

ವಾಹನ, ರಸ್ತೆ, ಸರಕು, ಕೈ, ಯಾವುದೂ ಬದಲಾಗಿರಲಿಲ್ಲ. ಅಪಾಯವನ್ನು ತೂಗುತ್ತೇವೆಂದು ಹೇಳಿಕೊಂಡು ನಾವು ಆಸ್ತಿಯನ್ನು ತೂಗುತ್ತಿದ್ದೇವೆ. ಇಲ್ಲದವನಿಂದ ಹೆಚ್ಚು ವಸೂಲಿ ಮಾಡಿ ಅದಕ್ಕೆ ಅಪಾಯದ ಲೆಕ್ಕಾಚಾರವೆಂಬ ಹೆಸರಿಡುತ್ತಿದ್ದೇವೆ. ನನ್ನ ವೃತ್ತಿ ನನಗೆ ಕಲಿಸಿದ ಪಾಠ ಇದು. ಕೆಲಸ ಬಿಟ್ಟ ಮೇಲೆ ಇದನ್ನು ಸಿಕ್ಕ ವೇದಿಕೆಯಲ್ಲೆಲ್ಲ ಹೇಳುತ್ತಿದ್ದೇನೆ.

ಆದರೆ ಒಬ್ಬಳ ಮಾತಿಗೆ ರೂಲ್ ಬದಲಾಗುವುದಿಲ್ಲ. ನೀವು ವಾಹನಗಳ ಮಾಲೀಕರಾಗಿದ್ದರೆ, ನಿಮ್ಮ ಚಾಲಕರು ಅಪಘಾತವಿಲ್ಲದೆ ಓಡಿಸಿದ ವರ್ಷಗಳನ್ನು ಬರೆದು, ಸಹಿ ಹಾಕಿ ಅವರ ಕೈಗೆ ಕೊಡಿ. ಅವರ ಬಾಟಾದಿಂದ ರಿಪೇರಿಯ ಹಣ ಮುರಿಯುವುದನ್ನು ಇಂದೇ ನಿಲ್ಲಿಸಿ. ಉಳಿದ ಓದುಗರು ದಯವಿಟ್ಟು ಈ ವಾರ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಒಂದು ಕಾಗದ ಬರೆಯಿರಿ. ಒಂದೇ ವಾಕ್ಯ ಸಾಕು: ಚಾಲಕನ ಒಳ್ಳೆಯ ದಾಖಲೆಯನ್ನು ಅವನ ಲೈಸೆನ್ಸಿಗೆ ಸೇರಿಸಿ, ಅವನು ಲಾರಿ ಕೊಂಡ ದಿನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.